ತತ್ತಿಯೊಡೆದು ಬಂದ ಜೀವಕ್ಕೆ ಏನೆನ್ನೋಣ?

ಪ್ರಾಥಮಿಕ ಶಾಲೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಒಂದು ಪಟ್ಟಿ ತಪ್ಪದೆ ಇರುತ್ತದೆ. ಎಡಬದಿಯಲ್ಲಿ ಪ್ರಾಣಿಪಕ್ಷಿಗಳ ಹೆಸರು, ಬಲಬದಿಯಲ್ಲಿ ಅವುಗಳ ಮರಿಗಳ ಹೆಸರು. ಹಸುವಿಗೆ ಕಾಫ್, ನಾಯಿಗೆ ಪಪ್ಪಿ, ಕೋಳಿಗೆ ಚಿಕ್, ಬಾತುಕೋಳಿಗೆ ಡಕ್ಲಿಂಗ್, ಹಂಸಕ್ಕೆ ಸಿಗ್ನೆಟ್, ಚಿಟ್ಟೆಗೆ ಕ್ಯಾಟರ್‌ಪಿಲರ್. ಮಕ್ಕಳು ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಕಲಬುರಗಿಯ ಬಿಸಿಲಿನಲ್ಲಿ ಬೆಳೆಯುವ ಮಗು ಹಂಸವನ್ನು ಕಾಣುವುದು ಚಿತ್ರದಲ್ಲಿ ಮಾತ್ರ. ಆದರೂ ಹಂಸದ ಮರಿಯ ಹೆಸರು ಅದಕ್ಕೆ ಬರುತ್ತದೆ. ಅದೇ ಮಗುವಿನ ಮನೆಯೆದುರಿನ ಬೇವಿನ ಮರದ ಪೊಟರೆಯಲ್ಲಿ ಗಿಳಿ ಮರಿಮಾಡಿದ್ದರೆ, ಕಿಟಕಿಯ ಮೇಲೆ ಪಾರಿವಾಳ ತತ್ತಿಯಿಟ್ಟಿದ್ದರೆ, ಆ ಮರಿಗಳಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಮಗು ತನಗೆ ತೋಚಿದಂತೆ ‘ಬೇಬಿ ಪ್ಯಾರಟ್’ ಎಂದೋ, ‘ನ್ಯೂಲಿ ಹ್ಯಾಚ್ಡ್ ಪ್ಯಾರಟ್’ ಎಂದೋ ಬರೆದರೆ ಕೆಲವು ಶಾಲೆಗಳಲ್ಲಿ ಕೆಂಪು ಶಾಯಿಯ ಗೆರೆ ಬೀಳುತ್ತದೆ. ಒಂದೇ ಪದದಲ್ಲಿ ಉತ್ತರಿಸು ಎಂದು ಕೇಳಿದಾಗ ವಿವರಣೆ ಬರೆದದ್ದು ತಪ್ಪು ಎಂಬುದು ವಾದ.

ಒಂದೇ ಪದದ ಹೆಸರು ತಿಳಿಯದೆ, ಕಂಡದ್ದನ್ನು ವಿವರಿಸಿ ಹೇಳುವುದು ಅಜ್ಞಾನವೇ? ಇದು ಭಾಷಾ ಬೋಧನೆಗೆ ಸೇರಿದ ಚಿಕ್ಕ ವಿಷಯವೆಂದು ಅನೇಕರಿಗೆ ತೋರಬಹುದು. ಆದರೆ ಆಗತಾನೆ ಹುಟ್ಟಿದ, ತನ್ನ ಪರವಾಗಿ ಏನನ್ನೂ ಹೇಳಿಕೊಳ್ಳಲಾರದ ಜೀವವನ್ನು ನಾವು ಏನೆಂದು ಕರೆಯುತ್ತೇವೆ ಎಂಬುದು, ಮರುಕ್ಷಣದಲ್ಲಿ ನಾವು ಅದಕ್ಕೆ ಏನು ಮಾಡುತ್ತೇವೆ ಎಂಬುದರೊಡನೆ ಬೆಸೆದುಕೊಂಡಿದೆ. ಆದುದರಿಂದ ಇದನ್ನು ನೀತಿಯ ಪ್ರಶ್ನೆಯಾಗಿಯೇ ನೋಡಬೇಕೆಂದು ನನ್ನ ಭಾವನೆ.

ಇಂಗ್ಲಿಷಿನಲ್ಲಿ ಮರಿಗಳಿಗಿರುವ ಬಿಡಿ ಹೆಸರುಗಳು ಎಲ್ಲಿಂದ ಬಂದವೆಂದು ವಿಚಾರಿಸಿದರೆ ಒಂದು ಸಂಗತಿ ಹೊರಬೀಳುತ್ತದೆ. ಪಾರಿವಾಳದ ಮರಿಗೆ ‘ಸ್ಕ್ವಾಬ್’ ಎಂಬ ಹೆಸರು ಉಳಿದುಬಂದದ್ದು ಅದನ್ನು ಅಡುಗೆಗಾಗಿ ಸಾಕುತ್ತಿದ್ದುದರಿಂದ. ಹಂಸವೂ ಒಂದು ಕಾಲದಲ್ಲಿ ಅರಸರ ಔತಣದ ತಟ್ಟೆಯನ್ನು ಸೇರುತ್ತಿತ್ತು. ಬೇಟೆಗೆ ಪಳಗಿಸಲೆಂದು ಗೂಡಿನಿಂದ ತಂದ ಡೇಗೆಯ ಮರಿಗೆ ‘ಆಯಸ್’ ಎಂಬ ಪ್ರತ್ಯೇಕ ಹೆಸರೇ ಇತ್ತು. ಮನೆಯ ಸೂರಿನಲ್ಲೇ ವಾಸಿಸುವ ಗುಬ್ಬಿಯ ಮರಿಗೆ ಮಾತ್ರ ಅವರಲ್ಲೂ ಸ್ವಂತದ ಹೆಸರಿಲ್ಲ. ಸಾಕಿದ್ದಕ್ಕೆ, ತಿಂದದ್ದಕ್ಕೆ, ಬೇಟೆಯಾಡಿದ್ದಕ್ಕೆ ಹೆಸರುಂಟು. ಜೊತೆಯಲ್ಲಿ ಸುಮ್ಮನೆ ಬದುಕಿದ್ದಕ್ಕೆ ಇಲ್ಲ. ನಮ್ಮ ಕನ್ನಡದ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಹಾಲು ಕೊಡುವ ಹಸು ಎಮ್ಮೆಗಳ ಸಂತಾನಕ್ಕೆ ‘ಕರು’ ಎಂಬ ಬೇರೆ ಮಾತಿದೆ. ಆ ಕರು ಬೆಳೆದಂತೆ ಕಡಸು, ಮಣಕ, ಹೋರಿ ಎಂದು ಹೆಸರುಗಳು ಬದಲಾಗುತ್ತವೆ. ತಲೆಯ ಹೇನಿಗೂ, ಕೂದಲಿಗೆ ಅಂಟಿದ ಅದರ ತತ್ತಿಗೂ ಬೇರೆ ಹೆಸರು. ಹೇನಿನ ತತ್ತಿಯನ್ನು ‘ಸೀರು’ ಎನ್ನುತ್ತೇವೆ. ಕಾಟ ಕೊಡುವುದನ್ನೂ ಮನುಷ್ಯ ಹತ್ತಿರದಿಂದ ನೋಡುತ್ತಾನಲ್ಲವೆ!

ಉಳಿದುದಕ್ಕೆಲ್ಲ ನಮ್ಮಲ್ಲಿ ಒಂದೇ ಮಾತು: ಮರಿ. ಹಳಗನ್ನಡದಲ್ಲಿ ‘ಮಱಿ’ ಎಂದಿದ್ದ ಈ ಪದ ಆನೆಗೂ ಸಲ್ಲುತ್ತದೆ, ಇಲಿಗೂ ಸಲ್ಲುತ್ತದೆ, ಹಾವಿಗೂ, ಮೀನಿಗೂ, ಹಕ್ಕಿಗೂ, ಹುಳುವಿಗೂ ಸಲ್ಲುತ್ತದೆ. ಕಲಬುರಗಿಯ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಇದೇ ಔದಾರ್ಯ ಇತರ ಭಾಷೆಗಳಲ್ಲೂ ಕೇಳಿಬರುತ್ತದೆ. ತೆಲುಗರು ‘ಪಿಲ್ಲ’ ಎನ್ನುತ್ತಾರೆ, ಮರಾಠಿಗರು ‘ಪಿಲ್ಲೂ’ ಎನ್ನುತ್ತಾರೆ, ಉರ್ದು ಆಡುವವರು ‘ಬಚ್ಚಾ’ ಎನ್ನುತ್ತಾರೆ. ಕೋಳಿಯ ಮರಿಗಾದರೆ ‘ಚೂಜಾ’ ಎಂದು ಬೇರೆ ಹೆಸರಿಟ್ಟಿದ್ದಾರೆ. ಈ ಮಾತುಗಳು ಜಾತಿಯನ್ನು ಹೇಳುವುದಕ್ಕಿಂತ ಸಂಬಂಧವನ್ನು ಹೇಳುತ್ತವೆ: ಇದಕ್ಕೊಂದು ತಾಯಿಯಿದೆ, ಇದಿನ್ನೂ ಚಿಕ್ಕದು. ಅಷ್ಟನ್ನು ಹೇಳಿದ ಮೇಲೆ ಉಳಿದುದನ್ನು ನೋಡುವವನೇ ಸೇರಿಸಬೇಕು. ಕಣ್ಣು ಬಿಡದ ಮರಿ, ಪುಕ್ಕ ಮೂಡದ ಮರಿ, ರೆಕ್ಕೆ ಬಲಿಯದ ಮರಿ, ಗುಟುಕು ಬೇಡುವ ಮರಿ. ಮಗು ಬರೆದ ‘ನ್ಯೂಲಿ ಹ್ಯಾಚ್ಡ್’ ಎಂಬುದು ಈ ಕನ್ನಡದ ಜಾಯಮಾನವನ್ನೇ ಇಂಗ್ಲಿಷಿನಲ್ಲಿ ಆಡಿದ್ದು. ಅದರಲ್ಲಿ ದೋಷವಿದೆಯೆಂದು ಹೇಳಲು ನನಗಂತೂ ಮನಸ್ಸು ಬಾರದು.

ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಭೂಮಿಯ ಮೃಗಗಳನ್ನೂ ಆಕಾಶದ ಪಕ್ಷಿಗಳನ್ನೂ ಮಾನವನ ಬಳಿಗೆ ಕರೆತಂದು, ಅವನು ಅವುಗಳಿಗೆ ಏನು ಹೆಸರಿಡುವನೋ ನೋಡೋಣವೆಂದು ಕಾದುದನ್ನು ಓದಿದ್ದೇವೆ. ಮಾನವನಿಗೆ ಕೊಟ್ಟ ಅಧಿಕಾರದ ದೃಷ್ಟಾಂತವಾಗಿ ಈ ಭಾಗವನ್ನು ನೆನೆಯುವುದು ವಾಡಿಕೆ. ಅಲ್ಲಿರುವ ಕ್ರಮವನ್ನು ಗಮನಿಸುವುದು ಕಡಿಮೆ. ಮೊದಲು ಜೀವಿ ಎದುರಿಗೆ ಬಂದು ನಿಲ್ಲುತ್ತದೆ. ಆಮೇಲೆ ಹೆಸರು ಹುಟ್ಟುತ್ತದೆ. ಇನ್ನೊಂದು ಸ್ವಾರಸ್ಯವೂ ಇದೆ. ಆದಾಮನು ಎಲ್ಲಕ್ಕೂ ಹೆಸರಿಟ್ಟನೆಂದು ಹೇಳುವ ಗ್ರಂಥ, ಅವನು ಇಟ್ಟ ಒಂದು ಪ್ರಾಣಿಯ ಹೆಸರನ್ನೂ ನಮಗೆ ತಿಳಿಸುವುದಿಲ್ಲ. ಬಾಯಿಪಾಠ ಮಾಡಲು ಅಲ್ಲಿ ಪಟ್ಟಿಯಿಲ್ಲ. ಶಾಲೆಯ ಪಟ್ಟಿಯಲ್ಲಿ ಈ ಕ್ರಮ ತಲೆಕೆಳಗಾಗಿದೆ. ಹೆಸರು ಮೊದಲು ಬರುತ್ತದೆ, ಜೀವಿ ಬಾರದೆಯೂ ಇರಬಹುದು.

ಹಾಗಾದರೆ ಇಂಗ್ಲಿಷಿನ ಖಚಿತವಾದ ಪದಗಳೆಲ್ಲ ವ್ಯರ್ಥವೇ? ಹಾಗೆಂದರೆ ಅನ್ಯಾಯವಾದೀತು. ಹಕ್ಕಿಮರಿಯ ವಿಷಯದಲ್ಲಿ ಇಂಗ್ಲಿಷ್ ಮೂರು ಮಾತುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿದೆ. ಆಗತಾನೆ ತತ್ತಿಯೊಡೆದದ್ದು ಹ್ಯಾಚ್‌ಲಿಂಗ್. ಗೂಡು ಬಿಡಲಾರದ್ದು ನೆಸ್ಟ್‌ಲಿಂಗ್. ಪುಕ್ಕ ಬಂದು, ಗೂಡಿನಿಂದ ಹೊರಬಿದ್ದು, ಇನ್ನೂ ಸರಿಯಾಗಿ ಹಾರಲಾರದ್ದು ಫ್ಲೆಜ್‌ಲಿಂಗ್. ನಮ್ಮ ‘ಮರಿ’ ಈ ಮೂರನ್ನೂ ಒಂದೇ ಮಡಿಲಿಗೆ ಹಾಕಿಕೊಳ್ಳುತ್ತದೆ. ಅದರಿಂದಾಗುವ ಹಾನಿ ಸಣ್ಣದಲ್ಲ.

ಬೇಸಿಗೆಯಿಂದ ಮಳೆಗಾಲದ ತನಕ ನಮ್ಮ ಅಂಗಳಗಳಲ್ಲಿ, ದೇವಾಲಯದ ಆವರಣದ ಗಿಡಗಳ ಬುಡದಲ್ಲಿ ಮೈನಾದ ಮರಿಯೋ ಕಾಗೆಯ ಮರಿಯೋ ನೆಲದ ಮೇಲೆ ಕುಪ್ಪಳಿಸುತ್ತಿರುವುದು ಕಣ್ಣಿಗೆ ಬೀಳುತ್ತದೆ. ‘ಅಯ್ಯೋ, ಮರಿ ಬಿದ್ದಿದೆ’ ಎಂದು ಕರುಣೆಯಿಂದ ಎತ್ತಿ ತಂದು, ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿ ಹಾಸಿ, ಬಾಯಿಗೆ ನೀರು ಬಿಟ್ಟು, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸುವ ಮನೆಗಳು ಎಷ್ಟಿಲ್ಲ? ಕೊಕ್ಕಿಗೆ ಬಿಟ್ಟ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಹಾಲು ಹಕ್ಕಿಗೆ ಸಹಜವಾದ ಆಹಾರವೇ ಅಲ್ಲ. ಮೈತುಂಬ ಪುಕ್ಕವಿದ್ದು, ಬಾಲ ಮೊಂಡಾಗಿದ್ದು, ಕಾಲಿನ ಮೇಲೆ ನಿಲ್ಲಬಲ್ಲ ಮರಿ ಬಿದ್ದದ್ದಲ್ಲ. ಅದು ಹಾರಲು ಕಲಿಯಲು ಇಳಿದದ್ದು. ತಾಯಿತಂದೆ ಹತ್ತಿರದಲ್ಲೇ ಇದ್ದು ಅದಕ್ಕೆ ಗುಟುಕು ಕೊಡುತ್ತಲೇ ಇರುತ್ತವೆ; ಬೆಕ್ಕು ನಾಯಿಗಳ ಬಾಯಿಗೆ ಸಿಗದಂತೆ ಒಂದು ಪೊದೆಯ ಮೇಲೆ ಕೂರಿಸಿ ದೂರ ಸರಿದರೆ ಸಾಕು. ಇದಕ್ಕೆ ಬದಲಾಗಿ ಕಣ್ಣು ಮುಚ್ಚಿದ, ಚರ್ಮ ಕಾಣುವ ಬೋಳು ಮರಿ ಸಿಕ್ಕರೆ ಅದು ನಿಜವಾಗಿಯೂ ಬಿದ್ದದ್ದು. ಅದನ್ನು ಮರಳಿ ಗೂಡಿಗೆ ಸೇರಿಸಬೇಕು. ಮನುಷ್ಯನ ಕೈ ತಾಗಿದ ಮರಿಯನ್ನು ತಾಯಿಹಕ್ಕಿ ಒಲ್ಲದು ಎಂಬ ನಂಬಿಕೆಗೆ ಆಧಾರವಿಲ್ಲ. ಒಂದು ಮರಿಗೆ ಬೇಕಾದದ್ದು ನಮ್ಮ ಕೈ, ಇನ್ನೊಂದಕ್ಕೆ ಬೇಕಾದದ್ದು ನಮ್ಮ ಕೈ ದೂರವಿರುವುದು. ಈ ವ್ಯತ್ಯಾಸ ತಿಳಿಯಲು ಫ್ಲೆಜ್‌ಲಿಂಗ್ ಎಂಬ ಪದವೇ ಬೇಕೆಂದಿಲ್ಲ. ‘ಪುಕ್ಕ ಬಂದ ಮರಿಯೋ, ಬೋಳು ಮರಿಯೋ?’ ಎಂದು ಮನೆಯ ಹಿರಿಯರು ಕೇಳಿದರೆ ಸಾಕು. ಆ ಪ್ರಶ್ನೆಗೆ ಉತ್ತರ ಹೇಳಲು ಮಗು ಬಗ್ಗಿ ನೋಡಲೇಬೇಕಾಗುತ್ತದೆ. ವಿವರಣೆಯ ಮಾತಿನ ಬೆಲೆ ಇಲ್ಲಿದೆ. ಬಿಡಿ ಹೆಸರನ್ನು ನೋಡದೆಯೂ ಹೇಳಬಹುದು, ವಿವರಣೆಯನ್ನು ನೋಡದೆ ಹೇಳಲಾಗದು.

ಎಲ್ಲ ಹಕ್ಕಿಮರಿಗಳೂ ಬೋಳಾಗಿ ಕುರುಡಾಗಿ ಹುಟ್ಟುವುದಿಲ್ಲ ಎಂಬುದನ್ನೂ ಸೇರಿಸಬೇಕು. ಕೋಳಿ, ನವಿಲು, ಗೌಜಲಕ್ಕಿಗಳ ಮರಿಗಳು ಮೈ ಆರಿದ ಕೆಲವೇ ಗಂಟೆಗಳಲ್ಲಿ ತಾಯಿಯ ಹಿಂದೆ ಓಡಾಡುತ್ತವೆ. ಪಾರಿವಾಳದ ಮರಿಯಾದರೋ ವಾರಗಟ್ಟಲೆ ಗೂಡಿನಲ್ಲೇ ಇರುತ್ತದೆ. ತಾಯಿತಂದೆಗಳೆರಡೂ ತಮ್ಮ ಗಂಟಲಚೀಲದಲ್ಲಿ ಸ್ರವಿಸುವ ಹಾಲಿನಂತಹ ಆಹಾರವನ್ನು ಅದಕ್ಕೆ ಉಣಿಸುತ್ತವೆ. ಕಲಬುರಗಿಯ ಕೋಟೆಯ ತುಂಬ ಪಾರಿವಾಳಗಳಿದ್ದರೂ ಅವುಗಳ ಮರಿಯನ್ನು ನೋಡಿದವರು ವಿರಳ. ಹೊರಗೆ ಬರುವಷ್ಟರಲ್ಲಿ ಅದು ದೊಡ್ಡದರಂತೆಯೇ ಕಾಣುವುದರಿಂದ ನಮಗೆ ಗುರುತು ಸಿಗದು.

ಹುಳಹುಪ್ಪಟೆಗಳ ಲೋಕಕ್ಕೆ ಬಂದರೆ ಮಾತು ಇನ್ನೂ ಜಟಿಲವಾಗುತ್ತದೆ. ‘ಬೇಬಿ ಹೌಸ್‌ಫ್ಲೈ’ ಎಂದು ಪುಟ್ಟ ನೊಣವನ್ನು ತೋರಿಸುವ ಮಗು ಇಲ್ಲಿ ನಿಜವಾಗಿ ತಪ್ಪಿದೆ. ರೆಕ್ಕೆ ಬಲಿತ ಕೀಟ ಮತ್ತೆ ಬೆಳೆಯುವುದಿಲ್ಲ. ಸಣ್ಣ ನೊಣ ಬೇರೆ ಜಾತಿಯದಿರಬಹುದು, ಇಲ್ಲವೆ ಮೇವು ಸಾಲದೆ ಸಣ್ಣದಾದದ್ದಿರಬಹುದು, ಮರಿಯಂತೂ ಅಲ್ಲ. ನೊಣದ ಮರಿ ಕಸದಲ್ಲಿ ತೆವಳುವ, ಕಾಲಿಲ್ಲದ ಬಿಳಿಯ ಹುಳು. ಮಿಡತೆ, ಜಿರಳೆಗಳ ಮರಿಗಳಾದರೆ ಹುಟ್ಟುವಾಗಲೇ ದೊಡ್ಡವುಗಳ ರೂಪದಲ್ಲಿರುತ್ತವೆ, ರೆಕ್ಕೆ ಮಾತ್ರ ಇರುವುದಿಲ್ಲ. ವಿಜ್ಞಾನಿಗಳು ಮೊದಲನೆಯ ಬಗೆಗೆ ಲಾರ್ವಾ ಎಂದೂ ಎರಡನೆಯದಕ್ಕೆ ನಿಂಫ್ ಎಂದೂ ಹೆಸರಿಟ್ಟರು. ಹದಿನೆಂಟನೆಯ ಶತಮಾನದಲ್ಲಿ ಲಿನ್ನೇಯಸ್ ಕೀಟಗಳಿಗೆ ಬಳಸಿದ ಲಾರ್ವಾ ಎಂಬ ಲ್ಯಾಟಿನ್ ಪದಕ್ಕೆ ಪ್ರೇತ ಅಥವಾ ಮುಖವಾಡ ಎಂದು ಅರ್ಥ. ಚಿಟ್ಟೆಯ ನಿಜರೂಪ ಈ ಮುಖವಾಡದ ಹಿಂದೆ ಅಡಗಿದೆ ಎಂಬ ಕಲ್ಪನೆ. ಪ್ಯೂಪಾ ಎಂದರೆ ಬೊಂಬೆ. ನಿಂಫ್ ಎಂಬುದಕ್ಕೆ ಗ್ರೀಕ್ ಭಾಷೆಯಲ್ಲಿ ವಧು ಎಂಬ ಅರ್ಥವಿತ್ತು. ಇಂದು ಪರೀಕ್ಷೆಯಲ್ಲಿ ಅಂಕ ತರುವ ಈ ಒಣ ಪದಗಳೂ ಯಾರೋ ಬಗ್ಗಿ ನೋಡಿ ಆಡಿದ ವಿವರಣೆಗಳೇ ಆಗಿದ್ದವು. ನೋಡಿದ ಕಣ್ಣು ಮರೆಯಾಗಿ ಪದವೊಂದು ಉಳಿಯಿತು.

ಅಂತಹ ಕಣ್ಣು ಇನ್ನೂ ಮರೆಯಾಗದ ಕನ್ನಡವೊಂದನ್ನು ನಮ್ಮ ರಾಜ್ಯದ ರೇಷ್ಮೆ ಬೆಳೆಗಾರರಲ್ಲಿ ಕೇಳಬಹುದು. ತತ್ತಿಯಿಂದ ಬಂದ ಎಳೆಯ ಹುಳು ಅವರಿಗೆ ‘ಚಾಕಿ ಹುಳು’. ಅದು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುನ್ನ ಸೊಪ್ಪು ತಿನ್ನದೆ, ತಲೆಯೆತ್ತಿ, ಅಲುಗದೆ ಇರುತ್ತದೆ. ಅದಕ್ಕೆ ಅವರು ‘ಜ್ವರ’ ಎನ್ನುತ್ತಾರೆ. ಹುಳು ಜ್ವರಕ್ಕೆ ಹೋಯಿತು, ಜ್ವರದಿಂದ ಎದ್ದಿತು. ಕೊನೆಗೆ ಗೂಡು ಕಟ್ಟುವ ಹದಕ್ಕೆ ಬಂದದ್ದು ‘ಹಣ್ಣು ಹುಳು’. ಮಗುವಿನ ಹಾಸಿಗೆಯ ಬಳಿ ಕುಳಿತ ತಾಯಿಯ ಮಾತಿನಂತಿದೆ ಇದು. ಆದರೆ ಹೀಗೆ ಜ್ವರ ನೋಡಿ ಸಾಕಿದ ಹುಳುವಿನ ಗೂಡನ್ನು ಕೊನೆಗೆ ಬಿಸಿನೀರಿಗೆ ಹಾಕಿಯೇ ನೂಲು ತೆಗೆಯಬೇಕು. ಮಾತಿನ ಮಮತೆ ಹುಳುವಿನ ಪ್ರಾಣವನ್ನು ಉಳಿಸಲಿಲ್ಲ. ಮೃದುವಾದ ಪದ ಬಳಸಿದರೆ ಮನುಷ್ಯ ತಾನಾಗಿ ಮೃದುವಾಗುತ್ತಾನೆಂದು ನಾವು ನಂಬಿದರೆ ಈ ಉದಾಹರಣೆ ನಮ್ಮನ್ನು ತಡೆಯುತ್ತದೆ, ತಡೆಯುವುದು ಒಳ್ಳೆಯದೇ.

ಈಗ ನಮ್ಮದೇ ಹೊಲಕ್ಕೆ ಬರೋಣ. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಸಿಗುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಅದರ ಸುತ್ತಲೂ, ಜಿಲ್ಲೆಯ ತುಂಬೆಲ್ಲ ತೊಗರಿ. 2019ರಲ್ಲಿ ಇಲ್ಲಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ತೊಗರಿ ಹೂ ಬಿಡುವ ವೇಳೆಗೆ ಕಾಯಿಕೊರಕದ ಪತಂಗ ಬಂದು ಮೊಗ್ಗು ಹೂಗಳ ಮೇಲೆ ಬಿಡಿಬಿಡಿಯಾಗಿ ತತ್ತಿಯಿಡುತ್ತದೆ. ಕೆಲವು ದಿನಗಳಲ್ಲಿ ಕೂದಲೆಳೆಯಷ್ಟು ಸಣ್ಣ ಹುಳು ಹೊರಬರುತ್ತದೆ. ಅದಕ್ಕೆ ಕೃಷಿ ಇಲಾಖೆಯ ಕರಪತ್ರಗಳು ಇಟ್ಟ ಹೆಸರು ‘ಮರಿಹುಳು’. ಎಳೆಯದಾಗಿದ್ದಾಗ ಅದು ಹೂ ಮೊಗ್ಗುಗಳನ್ನು ತಿನ್ನುತ್ತದೆ. ಬಲಿತ ಮೇಲೆ ಕಾಯಿಗೆ ತೂತು ಕೊರೆದು, ತಲೆಯನ್ನು ಒಳಗಿಟ್ಟು, ಅರ್ಧ ಮೈ ಹೊರಗಿಟ್ಟು ಕಾಳು ತಿನ್ನುತ್ತದೆ. 1997-98ರ ಹಂಗಾಮಿನಲ್ಲಿ ಈ ಹುಳುವಿನ ಹಾವಳಿಯಿಂದ ನಮ್ಮ ಭಾಗದ ತೊಗರಿ ನೆಲಕಚ್ಚಿತು. ಔಷಧಿಯ ಮೇಲೆ ಔಷಧಿ ಸಿಂಪಡಿಸಿ ಸಾಲಗಾರರಾದವರಲ್ಲಿ ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಆ ವರ್ಷವನ್ನು ಕಂಡ ಮನೆಗಳ ಮುಂದೆ ನಿಂತು ‘ಹುಳುವೂ ಒಂದು ಮರಿಯಲ್ಲವೆ’ ಎಂದು ಉಪದೇಶಿಸುವ ಧೈರ್ಯ ಯಾರಿಗೂ ಬರಬಾರದು.

ಆದರೂ ರೈತ ಅದನ್ನು ಮರಿಹುಳು ಎಂದೇ ಕರೆಯುತ್ತಾನೆ, ಮತ್ತು ಕೊಲ್ಲುತ್ತಾನೆ. ಗಿಡಗಳನ್ನು ಅಲುಗಾಡಿಸಿ, ಕೆಳಗೆ ಹಾಸಿದ ತಾಡಪಾಲಿನ ಮೇಲೆ ಉದುರಿದ ಹುಳುಗಳನ್ನು ಕೂಡಿಸಿ ಕೊಲ್ಲುವುದು ಈ ಸೀಮೆಯ ಹಳೆಯ ಪದ್ಧತಿ. ಹಕ್ಕಿಗಳು ಬಂದು ಕೂರಲೆಂದು ಹೊಲದ ನಡುವೆ ಕವಲುಕಡ್ಡಿ ನೆಡುವುದೂ ಉಂಟು. ಕಾಜಾಣ, ಮೈನಾಗಳು ಅಲ್ಲಿ ಕುಳಿತು ಹುಳು ಹೆಕ್ಕುತ್ತವೆ. ಕಾಳು ತಿನ್ನುವ ಗುಬ್ಬಿಯೂ ತನ್ನ ಎಳೆಯ ಮರಿಗೆ ಗುಟುಕಾಗಿ ಒಯ್ಯುವುದು ಹುಳುವನ್ನೇ. ಒಂದು ಮರಿ ಇನ್ನೊಂದು ಮರಿಯ ಅನ್ನ. ಸೃಷ್ಟಿಯ ಈ ಗಂಟನ್ನು ಬಿಡಿಸುವುದು ಪಂಡಿತರಿಗೂ ಸುಲಭವಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ತೊಗರಿಯ ರೈತನ ಕೈ ಮಾಡುವುದನ್ನು ಅವನ ಬಾಯಿ ಮರೆಮಾಡುವುದಿಲ್ಲ. ‘ಮೊದಲ ಹಂತದ ಲಾರ್ವಾಗಳ ನಿಯಂತ್ರಣ’ ಎಂಬ ಮಾತಿನಲ್ಲಿ ಕೊಲ್ಲುವವನೂ ಇಲ್ಲ, ಸಾಯುವುದೂ ಇಲ್ಲ. ‘ಮರಿಹುಳು ಸಣ್ಣದಿರುವಾಗಲೇ ಕೊಲ್ಲಬೇಕು’ ಎಂಬ ಮಾತಿನಲ್ಲಿ ಎರಡೂ ಇವೆ, ಜೊತೆಗೆ ಯಾವಾಗ ಎಂಬುದೂ ಇದೆ. ಸಿಂಪರಣೆ ನಾಟುವುದು ಹುಳು ಕಾಯಿಯನ್ನು ಹೊಗುವ ಮುಂಚೆ. ಕಾಲ ಮೀರಿದ ಮೇಲೆ ಸುರಿದ ವಿಷ ಹುಳುವನ್ನು ಬಿಟ್ಟು ಜೇನುನೊಣವನ್ನು, ಮಣ್ಣನ್ನು, ಸಿಂಪಡಿಸುವವನ ಎದೆಯನ್ನು ಸೇರುತ್ತದೆ. ಹುಟ್ಟಿದ ಹುಳುವನ್ನು ಮೊದಲೇ ಕಂಡು ‘ಎಳೆಯದು’ ಎಂದು ಗುರುತಿಸುವವನು ಕಡಿಮೆ ಕೊಲ್ಲುತ್ತಾನೆ, ಕಡಿಮೆ ಸಾಲ ಮಾಡುತ್ತಾನೆ.

2020ರ ಮೇ ತಿಂಗಳಿನಲ್ಲಿ ಮರುಭೂಮಿಯ ಮಿಡತೆಗಳ ದಂಡು ಮಹಾರಾಷ್ಟ್ರದ ವಿದರ್ಭದವರೆಗೆ ಬಂದಾಗ ಬೀದರ್, ಕಲಬುರಗಿ ಜಿಲ್ಲೆಗಳಿಗೂ ಎಚ್ಚರಿಕೆ ಕೊಡಲಾಗಿತ್ತು. ದಂಡು ನಮ್ಮ ಕಡೆಗೆ ಬರಲಿಲ್ಲ. ಈ ಮಿಡತೆಯ ರೆಕ್ಕೆಯಿಲ್ಲದ ಮರಿಗೆ ಇಂಗ್ಲಿಷಿನವರು ‘ಹಾಪರ್’ ಎನ್ನುತ್ತಾರೆ, ಕುಪ್ಪಳಿಸುವುದು ಎಂದಷ್ಟೇ ಅರ್ಥ. ಅದು ಕುಪ್ಪಳಿಸುವುದೇ ಹೊರತು ಹಾರದು. ಆದುದರಿಂದ ಅದರ ದಾರಿಗೆ ಅಡ್ಡಲಾಗಿ ಕಂದಕ ತೋಡಿ ತಡೆಯುವ ಪದ್ಧತಿ ಹುಟ್ಟಿತು. ಪ್ರವಾದಿ ಯೊವೇಲನ ಗ್ರಂಥದ ಮೊದಲ ಅಧ್ಯಾಯದಲ್ಲಿ ಬೆಳೆ ತಿನ್ನುವ ಮಿಡತೆಗೆ ಮೂಲ ಹೀಬ್ರೂ ಭಾಷೆಯಲ್ಲಿ ನಾಲ್ಕು ಬೇರೆ ಬೇರೆ ಪದಗಳಿವೆ. ಅವು ನಾಲ್ಕು ಜಾತಿಗಳೋ, ಒಂದೇ ಮಿಡತೆಯ ಬೆಳವಣಿಗೆಯ ನಾಲ್ಕು ಹಂತಗಳೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಹಂತಗಳೇ ಆಗಿದ್ದರೆ, ಹಸಿವಿನ ಅಂಚಿನಲ್ಲಿ ಬದುಕಿದ ಆ ಜನ ತಮ್ಮ ವೈರಿಯ ಮರಿಯನ್ನೂ ಎಷ್ಟು ಹತ್ತಿರದಿಂದ ನೋಡಿದ್ದರು ಎಂಬುದಕ್ಕೆ ಅದೇ ಸಾಕ್ಷಿ.

ವಿವರಣೆಯೆಲ್ಲವೂ ನಿರ್ಮಲವೆಂದು ಮಾತ್ರ ಭಾವಿಸಬಾರದು. ಕೋಳಿ ಸಾಕಣೆಯ ವ್ಯಾಪಾರದಲ್ಲಿ ‘ಡೇ ಓಲ್ಡ್ ಚಿಕ್’ ಎಂಬ ಮಾತು ದಿನನಿತ್ಯ ಓಡಾಡುತ್ತದೆ. ಒಂದು ದಿನದ ಮರಿ. ಇದೂ ವಿವರಣೆಯೇ, ಅದೂ ಸತ್ಯವಾದ ವಿವರಣೆ. ಇಪ್ಪತ್ತೊಂದು ದಿನಗಳ ಕಾವಿನ ಕೊನೆಗೆ, ತತ್ತಿಯೊಡೆಯುವ ಮುನ್ನ, ಕೋಳಿಮರಿ ಉಳಿದ ಹಳದಿ ಭಂಡಾರವನ್ನು ತನ್ನ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಆ ಬುತ್ತಿಯ ಬಲದಿಂದ ಎರಡು ಮೂರು ದಿನ ಅನ್ನನೀರಿಲ್ಲದೆ ಬದುಕಬಲ್ಲದು. ತಾಯಿಯ ರೆಕ್ಕೆಯಡಿ, ತಡವಾಗಿ ಒಡೆಯುವ ತತ್ತಿಗಳಿಗಾಗಿ ಕಾಯಲೆಂದು ಸೃಷ್ಟಿ ಕಟ್ಟಿಕೊಟ್ಟ ಬುತ್ತಿ ಅದು. ವ್ಯಾಪಾರ ಅದನ್ನು ಲಾರಿಯ ಪ್ರಯಾಣಕ್ಕೆ ಒದಗುವ ಸೌಲಭ್ಯವೆಂದು ಓದಿತು. ‘ಒಂದು ದಿನದ’ ಎಂಬ ವಿಶೇಷಣ ಮರಿಯನ್ನು ನೋಡಿ ಹುಟ್ಟಿದ್ದಲ್ಲ, ಸಾಗಣೆಯ ಗಡುವನ್ನು ನೋಡಿ ಹುಟ್ಟಿದ್ದು.

ಮೊಟ್ಟೆಗಾಗಿ ಬೆಳೆಸುವ ತಳಿಗಳಲ್ಲಿ ಗಂಡುಮರಿಗೆ ಬೆಲೆಯಿಲ್ಲ. ಅದು ಮೊಟ್ಟೆಯಿಡದು, ಮಾಂಸಕ್ಕೂ ಲಾಭದಾಯಕವಲ್ಲ. ಜಗತ್ತಿನ ಬಹುಭಾಗದಲ್ಲಿ ಅಂತಹ ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲಲಾಗುತ್ತದೆ. ಜರ್ಮನಿ 2022ರ ಆರಂಭದಿಂದ ಇದನ್ನು ಕಾನೂನಿನಿಂದ ನಿಷೇಧಿಸಿತು. ಮೊಟ್ಟೆಯೊಳಗಿರುವಾಗಲೇ ಗಂಡು ಹೆಣ್ಣು ಪತ್ತೆಹಚ್ಚುವ ವಿಧಾನ ಅಲ್ಲಿ ಬಳಕೆಗೆ ಬಂದಿದೆ. ನಮ್ಮ ದೇಶದಲ್ಲಿ ಅಂತಹ ಮರಿಗಳಲ್ಲಿ ಕೆಲವು ಹಸಿರು, ನೀಲಿ, ಗುಲಾಬಿ ಬಣ್ಣ ಬಳಿಸಿಕೊಂಡು ಬುಟ್ಟಿಗಳಲ್ಲಿ ಜಾತ್ರೆ ಸಂತೆಗಳಿಗೆ ಬರುತ್ತವೆ. ಮಕ್ಕಳು ಹಟಮಾಡಿ ಕೊಳ್ಳುತ್ತಾರೆ. ಬಹಳಷ್ಟು ಮರಿಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಅವು ‘ಬಣ್ಣದ ಮರಿ’ ಎನಿಸಿಕೊಂಡಾಗ ಮಗು ಆಟಿಕೆಯನ್ನು ಕಾಣುತ್ತದೆ. ‘ತಾಯಿಯ ಕಾವಿಲ್ಲದ ಒಂದು ದಿನದ ಮರಿ’ ಎಂದು ನಾವು ಅದಕ್ಕೆ ಹೇಳಿದ್ದರೆ? ಮಗು ಆಗಲೂ ಹಟ ಮಾಡೀತು, ಆದರೆ ರಾತ್ರಿ ಅದಕ್ಕೆ ಬಿಸುಪು ಎಲ್ಲಿಂದ ತರುವುದೆಂದು ಕೇಳೀತು. ಯೇಸುಸ್ವಾಮಿ ಜೆರುಸಲೇಮಿಗಾಗಿ ಮರುಗಿದಾಗ ಆರಿಸಿಕೊಂಡ ಹೋಲಿಕೆ ಮರಿಗಳನ್ನು ರೆಕ್ಕೆಯಡಿ ಕೂಡಿಸಿಕೊಳ್ಳುವ ಕೋಳಿಯದು. ಕಾವು ಕಾಣದ ಮರಿಗಳ ಈ ಕಾಲದಲ್ಲಿ ನಮ್ಮ ನಗರದ ಮಕ್ಕಳಿಗೆ ಆ ಹೋಲಿಕೆಯನ್ನೂ ಬಿಡಿಸಿ ಹೇಳಬೇಕಾಗಿದೆ.

‘ಬೇಬಿ ಪ್ಯಾರಟ್’ ಎಂಬ ಮಾತಿ‌ಗೂ ಇಂತಹದೇ ಇನ್ನೊಂದು ಮುಖವಿದೆ. ಗಿಳಿಮರಿಗಳನ್ನು ಪೊಟರೆಯಿಂದ ಕದ್ದು ಮಾರುವವರೂ ಅವುಗಳನ್ನು ‘ಬೇಬಿ’ ಎಂದೇ ಕರೆಯುತ್ತಾರೆ. ಎಳೆಯದಾದಷ್ಟೂ ಬೇಗ ಮಾತು ಕಲಿಯುತ್ತದೆಂಬ ಪ್ರಲೋಭನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ ಅಪರಾಧ. ಮಗು ಬರೆದದ್ದು, ವ್ಯಾಪಾರಿ ಕೂಗಿದ್ದು ಎರಡೂ ಒಂದೇ ಮಾತು. ಮಗು ತನ್ನಂತೆಯೇ ಚಿಕ್ಕದಾದದ್ದನ್ನು ಗುರುತಿಸಿತು; ವ್ಯಾಪಾರಿ ಅದರ ಚಿಕ್ಕತನಕ್ಕೆ ಬೆಲೆ ಕಟ್ಟಿದ. ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ದಾರಿಯಲ್ಲಿ ಹಕ್ಕಿಯ ಗೂಡು ಸಿಕ್ಕವನಿಗೆ ವಿಧಿಸಿದ ಮಿತಿಯನ್ನು ಇಲ್ಲಿ ನೆನೆಯಬಹುದು: ಮರಿಗಳೊಡನೆ ತಾಯಿಯನ್ನೂ ಹಿಡಿಯಕೂಡದು. ಮರಿಯನ್ನು ಅದು ಪೂರ್ಣವಾಗಿ ಕಾಪಾಡುವುದಿಲ್ಲ ನಿಜ, ಆದರೆ ಗೂಡಿನ ಮುಂದೆ ನಿಂತವನ ಕೈಯನ್ನು ಒಂದು ಕ್ಷಣ ತಡೆದು ಯಾವುದು ತಾಯಿ, ಯಾವುದು ಮರಿ ಎಂದು ನೋಡುವಂತೆ ಮಾಡುತ್ತದೆ.

ಕಮಲಾಪುರದ ಬಾಳೆಯ ತೋಟಕ್ಕೆ ಮತ್ತೆ ಹೋಗೋಣ. ತಾಯಿಬಾಳೆಯ ಬುಡದಲ್ಲಿ ಏಳುವ ಸಸಿಗೆ ಕನ್ನಡದಲ್ಲಿ ‘ಕಂದು’ ಎನ್ನುತ್ತಾರೆ. ಬಾಳೆಗಂದು. ಗಬ್ಬದ ಹಸು ದಿನ ತುಂಬುವ ಮುನ್ನ ಕರು ಹಾಕಿದರೂ ‘ಕಂದು ಹಾಕಿತು’ ಎನ್ನುವುದುಂಟು. ಕಂದನಿಗೂ ಕಂದಿಗೂ ಇರುವ ನಂಟನ್ನು ಒಕ್ಕಲಿಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಅಷ್ಟಕ್ಕೆ ನಿಲ್ಲುವುದೂ ಇಲ್ಲ. ಎಲೆ ಸಪೂರವಾಗಿ ಕತ್ತಿಯಂತಿರುವುದು ಕತ್ತಿಗಂದು, ಎಲೆ ಅಗಲವಾಗಿದ್ದು ಬುಡ ದುರ್ಬಲವಾಗಿರುವುದು ನೀರುಗಂದು. ನೆಡಲು ಮೊದಲನೆಯದನ್ನು ಆರಿಸುತ್ತಾನೆ. ಒಂದು ಮಾತಿನಲ್ಲಿ ಮಮತೆ, ಅದಕ್ಕೆ ಅಂಟಿಸಿದ ಇನ್ನೊಂದು ಮಾತಿನಲ್ಲಿ ನೋಟ. ನಮ್ಮ ಮಕ್ಕಳ ಇಂಗ್ಲಿಷಿಗೂ ಈ ಒಕ್ಕಲಿಗನ ವ್ಯಾಕರಣ ಸಾಕಾದೀತೆಂದು ನಾನು ತಿಳಿದಿದ್ದೇನೆ. ಸಿಗ್ನೆಟ್ ಎಂಬುದನ್ನು ಕಲಿಯಬೇಡಿ ಎನ್ನುವುದಿಲ್ಲ. ಪರೀಕ್ಷೆ ಇದೆ, ಅಂಕ ಬೇಕು. ಆದರೆ ಪಟ್ಟಿಯಲ್ಲಿಲ್ಲದ ಮರಿಯನ್ನು ಮಗು ತನ್ನ ಮಾತಿನಲ್ಲಿ ಬರೆದಾಗ ಶಿಕ್ಷಕರು ಗೆರೆ ಎಳೆಯುವ ಬದಲು ಇನ್ನೂ ಎರಡು ಪದ ಕೇಳಬಹುದು. ಕಣ್ಣು ತೆರೆದಿತ್ತೇ? ಮೈಮೇಲೆ ಏನಿತ್ತು?

ಮುಂಗಾರಿನ ಮೊದಲ ಮಳೆಗೆ ಮುನ್ನ ನಮ್ಮ ಮನೆಗಳ ಗೋಡೆಯಂಚಿನಲ್ಲಿ ಇರುವೆಗಳ ಸಾಲು ಬಿಳಿಯ ಕಾಳಿನಂತಹದನ್ನು ಬಾಯಲ್ಲಿ ಕಚ್ಚಿ ಎತ್ತರದ ಜಾಗಕ್ಕೆ ಸಾಗಿಸುತ್ತಿರುತ್ತದೆ. ಇರುವೆಯ ತತ್ತಿ ಎಂದು ನಾವು ಅದನ್ನು ಮಕ್ಕಳಿಗೆ ತೋರಿಸುತ್ತೇವೆ. ಇರುವೆಯ ತತ್ತಿ ಬರಿಗಣ್ಣಿಗೆ ಕಾಣುವುದೇ ಕಷ್ಟ. ಅವು ಹೊತ್ತೊಯ್ಯುವುದರಲ್ಲಿ ಬಹುಪಾಲು ಆಗಲೇ ತತ್ತಿಯೊಡೆದು ಬಂದ, ಕಾಲಿಲ್ಲದ, ಕಣ್ಣಿಲ್ಲದ ಹುಳುಮರಿಗಳು, ಇಲ್ಲವೆ ಕೋಶದೊಳಗೆ ಮಲಗಿದವು. ಹೊತ್ತವಳು ತಾಯಿಯೂ ಅಲ್ಲ, ಅಕ್ಕ. ಶಾಲೆಯ ಪಟ್ಟಿಯಲ್ಲಿ ಇರುವೆಯ ಎದುರಿನ ಜಾಗ ಖಾಲಿ ಬಿಟ್ಟಿದ್ದರೆ, ಅಕ್ಕ ಹೊತ್ತುಕೊಂಡ ಮರಿ ಎಂದು ಮಗು ಯಾವ ಭಾಷೆಯಲ್ಲಿ ಬೇಕಾದರೂ ಬರೆಯಲಿ.